ಪರಿಸರ ಸಂಸ್ಥೆಯ ಕೆಲಸಕ್ಕೆ ಸೇರಲಾ, ಅಕ್ಕಾ?

ಓದುಗರ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಿದವರು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆರೆಗಳ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದರ ಕ್ಷೇತ್ರ ಸಂಯೋಜಕಿ.

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ನಮ್ಮ ಜಿಲ್ಲೆಯಲ್ಲೇ ಕೆರೆ ಕೆಲಸ ಮಾಡುವ ಒಂದು ಸಂಸ್ಥೆ ನನ್ನನ್ನು ಕರೆದಿದೆ. ಅಪ್ಪ ಮಾತ್ರ "ಎನ್‌ಜಿಒ ಕೆಲಸವೂ ಒಂದು ಕೆಲಸಾನಾ? ಹಳ್ಳಿ ಹಳ್ಳಿ ತಿರುಗಬೇಕು, ಸಂಬಳವೂ ಇಲ್ಲ" ಅನ್ನುತ್ತಾರೆ. ಅಲ್ಲಿ ದಿನಾ ಏನು ಮಾಡಬೇಕಾಗುತ್ತದೆ? ಸೇರಲಾ, ಅಕ್ಕಾ?
— ಓದುಗಿ, ಚಿಂತಾಮಣಿ

ಉತ್ತರ: ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ತಿರುಗಾಟ ಇದೆ, ಸಂಬಳ ಕಡಿಮೆ, ಎರಡೂ ನಿಜ. ಆದರೆ "ಕೆಲಸಾನಾ" ಅಂತ ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ.

ಕೆರೆ ಕೆಲಸ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಜೆಸಿಬಿ, ಹೂಳು, ಗಿಡ ನೆಡುವ ಫೋಟೋ. ಜೆಸಿಬಿ ಕೆರೆಗೆ ಇಳಿಯುವ ಹೊತ್ತಿಗೆ ನಮ್ಮ ಕೆಲಸ ಮುಕ್ಕಾಲು ಪಾಲು ಮುಗಿದಿರಬೇಕು. ಮೊದಲು ಆ ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ನೋಡಬೇಕು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿ. ಆಮೇಲೆ ಗ್ರಾಮ ನಕಾಶೆ, ಪಹಣಿ. ಒತ್ತುವರಿ ಇದ್ದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಸರ್ವೆಯವರು ಚೈನು ಹಿಡಿದು ಬರುವವರೆಗೆ ಬೆನ್ನು ಬಿಡಬಾರದು. ಹೂಳು ಯಾರ ಹೊಲಕ್ಕೆ ಹೋಗಬೇಕು, ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡಬೇಕು, ಇದೆಲ್ಲ ಊರವರ ಬಾಯಲ್ಲೇ ತೀರ್ಮಾನ ಆಗಬೇಕು. ನಾವು ತೀರ್ಮಾನ ಮಾಡಿದರೆ ಅದು ನಿಲ್ಲುವುದಿಲ್ಲ.

ಸಭೆ ಯಾವಾಗ ಕರೆಯಬೇಕು ಅನ್ನುವುದೇ ಒಂದು ವಿದ್ಯೆ. ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಜನ ಸಿಗುತ್ತಾರೆ. ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಕರೆದರೆ ಒಬ್ಬರೂ ಬರುವುದಿಲ್ಲ, ಬರಲೂಬಾರದು. ಸಭೆ ಮುಗಿಯುವಷ್ಟರಲ್ಲಿ ಕೊನೆ ಬಸ್ಸು ಹೋಗಿರುತ್ತದೆ. ಹಾಗಾಗಿ ರಾತ್ರಿ ವಾಪಸ್ ಬರಲು ಗಾಡಿ ಯಾರು ಕೊಡುತ್ತಾರೆ, ಜೊತೆಗೆ ಯಾರಿರುತ್ತಾರೆ ಎಂದು ಸಂದರ್ಶನದಲ್ಲೇ ಕೇಳಿ. ಹೆಣ್ಣುಮಗಳು ಇದನ್ನು ಕೇಳಿದರೆ ಮುಖ ಸಿಂಡರಿಸುವ ಸಂಸ್ಥೆ ಬೇಡವೇ ಬೇಡ. ಹೊಲದ ಮೇಲೆ ಇಡೀ ದಿನ ಇರುವಾಗ ಶೌಚಾಲಯದ ಕಷ್ಟವೂ ಇದೆ. ನೀರು ಕುಡಿಯದೆ ಇದ್ದು ಸಂಭಾಳಿಸಬೇಡಿ, ಕಾಯಿಲೆ ಬರುತ್ತದೆ. ಇದಕ್ಕಾಗಿಯೇ ಊರಿಗೆ ಹೋದ ಕೂಡಲೇ ಅಂಗನವಾಡಿ ಟೀಚರ್ ಪರಿಚಯ ಮಾಡಿಕೊಳ್ಳಿ.

ಕೆಲಸದ ರುಚಿ ಎಲ್ಲಿದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಂದು ಊರಿನ ಕೆರೆಯ ಹೂಳು ಹಿಂದೆಯೇ ತೆಗೆದಿದ್ದರು. ಮಳೆ ಚೆನ್ನಾಗಿಯೇ ಆಗಿತ್ತು, ಕೆರೆ ಮಾತ್ರ ತುಂಬಿರಲಿಲ್ಲ. ಕೆರೆಯ ನೀರು ಹಂಚುತ್ತಿದ್ದ ಅಲ್ಲಿನ ಹಳೆಯ ನೀರಗಂಟಿ ತಾತನನ್ನು ಕರೆದುಕೊಂಡು ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಬಳ್ಳಾರಿ ಜಾಲಿಯ ಮಧ್ಯೆ ಬಗ್ಗಿ ಬಗ್ಗಿ ಹೋಗಬೇಕಿತ್ತು. ಒಂದು ಕಡೆ ಕಾಲುವೆಗೆ ಅಡ್ಡ ಟಾರು ರಸ್ತೆ. ರಸ್ತೆ ಕೆಳಗೆ ಸಿಮೆಂಟ್ ಪೈಪು ಹಾಕಿದ್ದರು, ಆದರೆ ಪೈಪಿನ ಬಾಯಿ ಕಾಲುವೆಯ ತಳಕ್ಕಿಂತ ಮೊಣಕಾಲುದ್ದ ಮೇಲಿತ್ತು! ನೀರು ಅಲ್ಲಿಗೆ ಬಂದು, ಹತ್ತಲಾಗದೆ, ಪಕ್ಕದ ಹೊಲಕ್ಕೆ ತಿರುಗಿ ಹೋಗುತ್ತಿತ್ತು. ತಾತ ಕೋಲಿನಿಂದ ಪೈಪು ಕುಟ್ಟಿ, "ಇದನ್ನ ಇಳಿಸಮ್ಮ, ಕೆರೆ ತಾನೇ ತುಂಬ್ತದೆ" ಅಂದರು. ಇಳಿಸಲು ಪಂಚಾಯಿತಿ, ರಸ್ತೆಯವರು, ಆ ಹೊಲದ ಯಜಮಾನರು ಎಲ್ಲರನ್ನೂ ಒಪ್ಪಿಸಬೇಕಾಯಿತು. ಪೈಪಿನ ಖರ್ಚು ಹೂಳಿನ ಖರ್ಚಿನ ಮುಂದೆ ಏನೂ ಅಲ್ಲ. ಆದರೂ ದುಡ್ಡು ಕೊಡುವವರು ಹೂಳಿಗೆ ಕೊಡುತ್ತಾರೆ, ಪೈಪಿಗೆ ಕೇಳಿದರೆ ಯೋಚನೆ ಮಾಡುತ್ತಾರೆ.

ದುಡ್ಡಿನ ವಿಷಯ ನಿಮಗೆ ಈಗಲೇ ಗೊತ್ತಿರಲಿ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದನ್ನು ಸಿಎಸ್‌ಆರ್ ಅನ್ನುತ್ತಾರೆ. ಎಷ್ಟೋ ಕೆರೆಗಳ ಕೆಲಸ ನಡೆಯುವುದು ಈ ದುಡ್ಡಿನಲ್ಲಿ. ಅದರ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಕಡೆ ಕೆರೆ ತುಂಬಿಸುವ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆರೆಗೆ ನೀರು ಬಂತೋ ಇಲ್ಲವೋ ಗೊತ್ತಾಗುವ ಮೊದಲೇ "ಯೋಜನೆ ಯಶಸ್ವಿ" ಎಂದು ವರದಿ ಬರೆಯುವ ಒತ್ತಡ ಇರುತ್ತದೆ. ಕಾನೂನಿನಲ್ಲಿ ಹಲವು ವರ್ಷದ ಯೋಜನೆಗೂ ಜಾಗ ಇದೆ. ಅದನ್ನು ಕೇಳಿ ಪಡೆಯುವ ಸಂಸ್ಥೆ ಗಟ್ಟಿ ಸಂಸ್ಥೆ.

ಸಂಬಳ ಕಡಿಮೆ ಇರುವುದಕ್ಕೂ ಇದೇ ಕಾರಣ. ಗಂಟೆಗಿಷ್ಟು ಅಂತ ಜೆಸಿಬಿಗೆ ದುಡ್ಡು ಸಿಗುತ್ತದೆ, ಊರಲ್ಲಿ ಕೂತು ಜನರನ್ನು ಒಪ್ಪಿಸುವವಳ ಸಂಬಳವನ್ನು "ಆಡಳಿತ ವೆಚ್ಚ" ಅಂತ ಕಡಿಮೆ ಮಾಡಿ ಅನ್ನುತ್ತಾರೆ. ನನಗೆ ಇದು ಅನ್ಯಾಯ ಅನಿಸುತ್ತದೆ, ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ. ನೀವು ನೇಮಕದ ಪತ್ರ ಕೈಗೆ ಬರುವವರೆಗೆ ಸೇರಬೇಡಿ. ಪಿಎಫ್ ಇದೆಯಾ, ಯೋಜನೆ ಮುಗಿದರೆ ನಿಮ್ಮ ಗತಿ ಏನು, ಪೆಟ್ರೋಲ್ ಖರ್ಚು ಕೊಡುತ್ತಾರಾ, ಕೇಳಿ.

ಇನ್ನೊಂದು ಕೆಲಸ ಮಾಡಿ. ಆ ಸಂಸ್ಥೆ ಎರಡು ಮೂರು ವರ್ಷದ ಹಿಂದೆ ಮುಗಿಸಿದ ಒಂದು ಕೆರೆಗೆ ಸುಮ್ನೆ ಹೋಗಿ ಬನ್ನಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ಏರಿ ಮೇಲೆ ಜಾಲಿ ಬೆಳೆದಿದೆಯಾ? ತೂಬಿನ ಬಾಗಿಲು ತಿರುಗುತ್ತಾ? ಬೋರ್ಡಿನಲ್ಲಿ ಇರುವ ಹೆಸರು ಬಿಡಿ, ಅಲ್ಲಿ ದನ ಕಾಯುವವರಿಗೆ ಸಂಸ್ಥೆಯವರ ಹೆಸರು ಗೊತ್ತಾ? ಗೊತ್ತಿದ್ದರೆ ಧೈರ್ಯವಾಗಿ ಸೇರಿ.

ಪ್ರಶ್ನೆ: ಪರಿಸರ ಸಂಸ್ಥೆಗಳು ಬರೀ ಗಲಾಟೆ ಮಾಡಿ ಅಭಿವೃದ್ಧಿಗೆ ಅಡ್ಡ ಬರುತ್ತವೆ ಅಲ್ವಾ?
— ಓದುಗರು, ಹಾವೇರಿ

ಉತ್ತರ: ನಿಮ್ಮ ಕಡೆಯದೇ ಎರಡು ಸಂಗತಿ ಹೇಳುತ್ತೇನೆ. 1980ರ ದಶಕದಲ್ಲಿ ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ, ಕಾರ್ಖಾನೆಯ ಕಚ್ಚಾ ಸಾಮಗ್ರಿಗಾಗಿ ನೀಲಗಿರಿ ಬೆಳೆಸುವ ಯೋಜನೆ ಬಂತು. ಆ ಜಮೀನಿನಲ್ಲಿ ಊರವರ ದನ ಮೇಯುತ್ತಿತ್ತು, ಸೌದೆ ಸಿಗುತ್ತಿತ್ತು. 1987ರಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ. ಅದರ ಹಿಂದೆ ಇದ್ದ ಧಾರವಾಡದ ಸಮಾಜ ಪರಿವರ್ತನ ಸಮುದಾಯವೇ ಮುಂದೆ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಕೋರ್ಟು ಅಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕೂಗಿದ್ದಕ್ಕೇ ಅದು ಆಗಲಿಲ್ಲ. ಕಡತ ಕಡತ ಹುಡುಕಿ ಜೋಡಿಸಿದ ದಾಖಲೆಗಳಿಂದ ಆಯಿತು. ನಾನು ಮಾಡುವುದು ಕೆರೆಯ ಕೆಲಸ, ಕೋರ್ಟಿನದಲ್ಲ. ಆದರೆ ಅವರ ತಾಳ್ಮೆ ಕಂಡರೆ ನನಗೆ ತುಂಬಾ ಗೌರವ. ಒಂದು ಊರಿನ ಗೋಮಾಳ ಉಳಿಯುವುದೂ ಅಭಿವೃದ್ಧಿಯೇ.

ಪ್ರಶ್ನೆ: ನಾನು ಬಿ.ಕಾಂ. ಓದಿದವನು. ಟ್ಯಾಲಿ ಬರುತ್ತೆ, ಗಿಡ ಮರ ಗೊತ್ತಿಲ್ಲ. ಇಂಥ ಸಂಸ್ಥೆಯಲ್ಲಿ ನನಗೆ ಜಾಗ ಇದೆಯಾ?
— ಓದುಗರು, ಪಾವಗಡ

ಉತ್ತರ: ಧಾರಾಳವಾಗಿ ಇದೆ. ಪರಿಸರ ಓದಿದವರು ಸುಲಭವಾಗಿ ಸಿಗುತ್ತಾರೆ, ಒಳ್ಳೆ ಲೆಕ್ಕದವರು ಸಿಗುವುದು ಕಷ್ಟ. ಟ್ರ್ಯಾಕ್ಟರ್ ಓಡಿಸುವವರ ಹತ್ತಿರ ಬಿಲ್ ಪುಸ್ತಕ ಇರುವುದಿಲ್ಲ. ಪ್ರತಿ ಲೋಡಿಗೂ ವೋಚರ್ ಬರೆದು ಸಹಿ ತೆಗೆದುಕೊಳ್ಳಬೇಕು. ದಾನ ಕೊಟ್ಟವರಿಗೆ ಆದಾಯ ತೆರಿಗೆ ರಿಯಾಯಿತಿಯ ಪ್ರಮಾಣಪತ್ರ ಹೋಗಬೇಕು. ವಿದೇಶದ ದುಡ್ಡು ಬರುತ್ತಿದ್ದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನಿಯಮ ಬಾಯಿಪಾಠ ಆಗಿರಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದರಲ್ಲಿ ಆಡಳಿತಕ್ಕೆ ಶೇ 20ಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಇದರಲ್ಲಿ ಎಡವಿದರೆ ನೋಂದಣಿಯೇ ಹೋಗಬಹುದು, ನಾವು ಹೊಲದಲ್ಲಿ ಎಷ್ಟೇ ದುಡಿದರೂ ಪ್ರಯೋಜನ ಇಲ್ಲ. ಅರ್ಜಿಯಲ್ಲಿ ಟ್ಯಾಲಿ ಜೊತೆಗೆ ನಿಮಗೆ ತೆಲುಗು ಬರುವುದಾದರೆ ಅದನ್ನೂ ಬರೆಯಿರಿ. ಈ ಗಡಿ ತಾಲ್ಲೂಕುಗಳಲ್ಲಿ ಅದು ದಿನಾ ಬೇಕಾಗುತ್ತದೆ.