ಎದ್ದು ಹಾರಿದ್ದು ಗ್ರೀನೋ, ವುಡ್ಡೋ?

ನಮಸ್ಕಾರ. ಮೈಸೂರಿನ ಲಿಂಗಾಂಬುಧಿ ಕೆರೆಯಂಚಲ್ಲಿ ನಿಮ್ಮ ಕಾಲ ಬುಡದಿಂದಲೇ ಎದ್ದು, ಕೂಗುತ್ತಾ ಮೇಲಕ್ಕೇರಿ ಹೋದ ಒಂಟಿ ಹಕ್ಕಿ ಗ್ರೀನ್ ಸ್ಯಾಂಡ್‌ಪೈಪರೋ ವುಡ್ ಸ್ಯಾಂಡ್‌ಪೈಪರೋ ಅಂತ ಕೇಳಿದ್ದೀರಿ. ಎರಡೂ ನೀರಂಚಲ್ಲಿ ಓಡಾಡುವ, ನೋಡಲು ಹೆಚ್ಚುಕಡಿಮೆ ಒಂದೇ ಥರದ ಸಣ್ಣ ಹಕ್ಕಿಗಳು. ಬಾಲದ ಬುಡ ಬೆಳ್ಳಗಿತ್ತು ಅನ್ನೋದರಿಂದ ತೀರ್ಮಾನ ಆಗಲ್ಲ, ಅದು ಎರಡಕ್ಕೂ ಇದೆ. ರೆಕ್ಕೆಯ ಅಡಿಭಾಗ ನೋಡಿ: ಗ್ರೀನ್‌ಗೆ ಹೆಚ್ಚುಕಡಿಮೆ ಕಪ್ಪು, ವುಡ್‌ಗೆ ಮಾಸಲು ಬಿಳಿ.

ನನಗಂತೂ ಕಣ್ಣಿಗಿಂತ ಕಿವಿಯ ಮೇಲೇ ಭರವಸೆ ಜಾಸ್ತಿ. ಹೋದ ಜನವರಿಯಲ್ಲಿ ಮಂಡ್ಯದ ಹತ್ತಿರ ಗದ್ದೆ ಬದುವಿನ ಮೇಲೆ ನಿಂತಿದ್ದೆ. ಮಂಜು ಎಷ್ಟಿತ್ತೆಂದರೆ ಪಕ್ಕದ ಗದ್ದೆಯ ನೀರೂ ಕಾಣುತ್ತಿರಲಿಲ್ಲ. ತಲೆಯ ಮೇಲೆ 'ಚಿಫ್-ಇಫ್-ಇಫ್' ಅಂತ ಒಣಕಲು ಸದ್ದು, ಮೂರೂ ಒಂದೇ ಶ್ರುತಿ. ವುಡ್! ಗ್ರೀನ್‌ನದು ಹಾಗಲ್ಲ, 'ಟ್ಲುಈಟ್-ವೀಟ್-ವೀಟ್' ಅಂತ ಸಿಳ್ಳೆ ಹೊಡೆದಂತೆ ಇಂಪು, ಜೋರು. ಗಾಬರಿಯಾದರೆ ಕೂಗುತ್ತಲೇ ಸರ್ರನೆ ಮೇಲೇರಿ ದೂರ ಹೋಗಿಬಿಡುತ್ತದೆ. ನೀವು ಹೇಳಿದ ಹಾರಾಟ ಇದೇ. ನನ್ನ ಮತ ಗ್ರೀನ್‌ಗೆ.

ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಾಗಿಸಿ ಪಟಪಟ ಬಡಿದು ತೇಲುತ್ತಾ ಹೋದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಮುಂದಿನ ಸಲ ಫೋನಿನಲ್ಲಿ ಕೂಗು ರೆಕಾರ್ಡ್ ಮಾಡಿ ಹಾಕಿ, ಕೇಳಿ ಹೇಳುತ್ತೇನೆ.