ವಾದ್ಯ ವಿಚಾರ: ಹಳೆಯ ಜಾಝ್ ಗಿಟಾರ್ ಕೊಳ್ಳುವ ಮುನ್ನ

ಪ್ರಶ್ನೆ: ಹದಿನೈದು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ, ಈಚೆಗೆ ಮನಸ್ಸು ಜಾಝ್ ಕಡೆ ಹೊರಳಿದೆ. ಅಮೆರಿಕದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿರುವ ಪರಿಚಿತರೊಬ್ಬರು ತಮ್ಮ ಗಿಬ್ಸನ್ ಕಂಪನಿಯ ಇಎಸ್-175 ಎಂಬ ಟೊಳ್ಳು ಒಡಲಿನ ಗಿಟಾರನ್ನು ಮಾರಲು ಸಿದ್ಧರಿದ್ದಾರೆ. 1964ರದ್ದು ಎನ್ನುತ್ತಾರೆ. ನನ್ನ ಉಳಿತಾಯದ ಬಹುಪಾಲು ಇದಕ್ಕೇ ಹೋಗುತ್ತದೆ. ಏನೇನು ನೋಡಿಕೊಳ್ಳಬೇಕು? ದಾವಣಗೆರೆಯ ಬಿಸಿಲನ್ನು ಅದು ತಾಳೀತೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಸೀಮೆಯಲ್ಲಿ ಹಳೆಯ ವಾದ್ಯವೊಂದರ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಹವೆಯೇ. ಗಿಬ್ಸನ್‌ನ ಎಲ್-5ರಂಥ ಗಿಟಾರ್‌ಗಳ ಮೇಲ್ಹಲಗೆಯನ್ನು ಇಡೀ ಸ್ಪ್ರೂಸ್ ಮರದಿಂದ ಕೆತ್ತಿರುತ್ತಾರೆ. ಅದರ ನಾದ ಅಪೂರ್ವ, ಆದರೆ ಒಣಹವೆಗೆ ಅದು ಬೇಗ ಸೀಳುತ್ತದೆ. 1949ರಲ್ಲಿ ಬಂದ ಇಎಸ್-175ರ ಮೇಲ್ಹಲಗೆ ಮಾತ್ರ ತೆಳು ಪದರಗಳನ್ನು ಅಂಟಿಸಿ ಒತ್ತಿದ, ಅಂದರೆ ನಾವು ಪ್ಲೈವುಡ್ ಎನ್ನುವ ರೀತಿಯದು. ಪ್ಲೈವುಡ್ ಎಂದು ಹೀಗಳೆಯುವವರಿದ್ದಾರೆ. ಅಮೆರಿಕದ ಜಾಝ್ ಗಿಟಾರ್ ವಾದಕ ಜೋ ಪಾಸ್ ಅವರ ಕೈಯಲ್ಲಿ ಅದು ನುಡಿದದ್ದನ್ನು ಕೇಳಿದ ಮೇಲೆ ನನಗಂತೂ ಆ ಮಾತು ಒಪ್ಪಿಗೆಯಾಗಿಲ್ಲ. ಚಿತ್ರದುರ್ಗದಲ್ಲಿ ನಾನು ವಾಸವಿದ್ದಾಗ, ಕೆತ್ತಿದ ಸ್ಪ್ರೂಸ್ ಹಲಗೆಯ ನನ್ನ ಗಿಟಾರನ್ನು ಮಾರ್ಚ್‌ನಿಂದ ಏಪ್ರಿಲ್ ಕೊನೆಯವರೆಗೆ ಫ್ಯಾನಿನ ಕೆಳಗೆ ಗೋಡೆಗೆ ನೇತುಹಾಕಿದ್ದೆ. ಮೊದಲು ಬೆರಳು ಹಲಗೆಯ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ತುದಿಗಳು ಅಂಗೈಯನ್ನು ಗೀರತೊಡಗಿದವು. ಬೆರಳು ಹಲಗೆ ಒಣಗಿ ಕುಗ್ಗಿತ್ತು. ಅದನ್ನು ನಾನು ಲೆಕ್ಕಿಸಲಿಲ್ಲ. ಎರಡು ವಾರದ ನಂತರ ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಕೆಳಗಿನಿಂದ, ತಂತಿಗಳ ತುದಿ ಸಿಕ್ಕಿಸುವ ಬಾಲದವರೆಗೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಆದ್ದರಿಂದ ನಿಮ್ಮೂರಿಗೆ ಇಎಸ್-175 ಎಂಬ ಆಯ್ಕೆಯೇ ಸರಿ ಎಂದು ಹೇಳುತ್ತೇನೆ.

ಇನ್ನು ಅದು ನಿಜವಾಗಿಯೂ 1964ರದ್ದೇ ಎಂಬುದು. ಗಿಟಾರಿನ ತಲೆಯ ಹಿಂದೆ ಒತ್ತಿರುವ ಕ್ರಮಸಂಖ್ಯೆಯೊಂದನ್ನೇ ನಂಬಬೇಡಿ. 1960ರ ದಶಕದಲ್ಲಿ ಗಿಬ್ಸನ್ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಬಳಸಿದೆ. ಚಿಕ್ಕ ಕನ್ನಡಿ ಮತ್ತು ಟಾರ್ಚನ್ನು ಎಫ್ ಆಕಾರದ ಕಂಡಿಯಿಂದ ಒಳಗಿಳಿಸಿ, ವಾಲ್ಯೂಮ್ ತಿರುಗಣೆಯ ಲೋಹದ ಡಬ್ಬಿಯ ಮೇಲಿನ ಅಂಕೆಗಳನ್ನು ಹುಡುಕಿ. ಕನ್ನಡಿಯಲ್ಲಿ ಅಂಕೆಗಳು ತಿರುಗಿ ಕಾಣುವುದರಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಅದನ್ನು ತಿರುಗಿಸಿ ಓದಬೇಕು. 1376425 ಎಂದಿದ್ದರೆ 137 ತಯಾರಕರ ಗುರುತು, 64 ವರ್ಷ, 25 ವಾರ. ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಬೆಸುಗೆಯನ್ನು ಯಾರೂ ಬಿಚ್ಚಿರದಿದ್ದರೆ. ಜೊತೆಗೆ, ತಲೆಯ ಬುಡದಲ್ಲಿ ತಂತಿಗಳು ಹಾದುಬರುವ ನಟ್ಟಿನ ಅಗಲವನ್ನು ಅಳೆಯಿರಿ. 1965ರಲ್ಲಿ ಗಿಬ್ಸನ್ ಅದನ್ನು ಸುಮಾರು 43 ಮಿಲಿಮೀಟರಿನಿಂದ 40ಕ್ಕೆ ಇಳಿಸಿತು. ಈ ಮೂರು ಮಿಲಿಮೀಟರ್ ಬೆಲೆಯಲ್ಲಿ ಮಾತ್ರವಲ್ಲ, ನಿಮ್ಮ ಬೆರಳುಗಳಿಗೂ ಪ್ರತಿದಿನ ಗೊತ್ತಾಗುತ್ತದೆ.

ವರ್ಷಕ್ಕಿಂತ ಮುಖ್ಯವಾದದ್ದು ನೆಕ್ಕಿನ, ಅಂದರೆ ಬೆರಳು ಹಲಗೆಯನ್ನು ಹೊತ್ತ ಕತ್ತಿನ ಸ್ಥಿತಿ. ಕುದುರೆಯ ಎರಡೂ ಬದಿಯ ತಿರುಗುಚಕ್ರಗಳನ್ನು ಪೂರ್ತಿ ಇಳಿಸಿದ್ದರೂ ತಂತಿಗಳು ಬೆರಳು ಹಲಗೆಯಿಂದ ಎತ್ತರದಲ್ಲೇ ಉಳಿದಿದ್ದರೆ ನೆಕ್ ಜೋಡಣೆ ಬಾಗಿದೆ ಎಂದರ್ಥ. ಅದನ್ನು ಬಿಚ್ಚಿ ಕೂರಿಸುವ ಕೆಲಸ ದುಬಾರಿ, ಎಲ್ಲರಿಗೂ ಬರುವಂಥದ್ದೂ ಅಲ್ಲ. ತಲೆಯ ಹಿಂಭಾಗದಲ್ಲಿ, ನಟ್ಟಿನ ಸಮೀಪ, ಉಗುರಿನಿಂದ ನಿಧಾನವಾಗಿ ಸವರಿ ನೋಡಿ. ಗಿಬ್ಸನ್ ಮುರಿಯುವುದು ಅಲ್ಲೇ. ಅಂಟಿಸಿದ ಗೆರೆ ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಾಗುತ್ತದೆ. ಬಣ್ಣದ ಮೇಲಿನ ಸಣ್ಣ ಬಿರುಕುಗಳು ಹಳೆಯ ಲ್ಯಾಕರಿನ ಸಹಜ ಗುಣ, ಅವಕ್ಕೆ ಹೆದರಬೇಕಿಲ್ಲ. ಆ ಕಾಲದ ಬೆರಳು ಹಲಗೆ ಬ್ರೆಜಿಲ್ ದೇಶದ ಬೀಟೆ ಮರದ್ದು. 1992ರಿಂದ ಆ ಮರ, ಅಳಿವಿನಂಚಿನ ಸಸ್ಯ-ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಆದ್ದರಿಂದ ಗಿಟಾರ್ ಭಾರತಕ್ಕೆ ಬಂದ ದಾಖಲೆಗಳನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ಮನೆಗೆ ತಂದ ಮೇಲೆ ಅದನ್ನು ಪೆಟ್ಟಿಗೆಯಲ್ಲೇ ಇಡಿ, ಒಳಗೊಂದು ತೇವಮಾಪಕವಿರಲಿ. 45ರಿಂದ 55 ಶೇಕಡಾ ತೇವಾಂಶ ಒಳ್ಳೆಯದು. ಫೆಬ್ರವರಿಯಿಂದ ಮೇವರೆಗೆ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನಿಟ್ಟರೆ ಸಾಕಾಗುತ್ತದೆ. ಮಳೆಗಾಲದಲ್ಲಿ ಅದನ್ನು ತೆಗೆದುಬಿಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಒಂದು ಗಳಿಗೆಯೂ ಬಿಡಬೇಡಿ, ಅಂಟು ಸಡಿಲಗೊಳ್ಳುತ್ತದೆ.

ಪ್ರಶ್ನೆ: ಸಭಾಂಗಣದಲ್ಲಿ ಧ್ವನಿ ಏರಿಸಿದೊಡನೆ ನನ್ನ ಟೊಳ್ಳು ಒಡಲಿನ ಗಿಟಾರ್ ಕೂಗಲಾರಂಭಿಸುತ್ತದೆ. ದೋಷ ಯಾವುದು?
– ಓದುಗರು, ಚಿತ್ರದುರ್ಗ

ಉತ್ತರ: ಅದು ದೋಷವಲ್ಲ, ಆ ಒಡಲಿನ ಗುಣ. ಸ್ಪೀಕರಿನ ಶಬ್ದ ಮೇಲ್ಹಲಗೆಯನ್ನು ಅಲುಗಿಸುತ್ತದೆ, ಆ ಅಲುಗಾಟವನ್ನು ತಂತಿಗಳ ಕಂಪನ ಹಿಡಿಯುವ ಪಿಕಪ್ ಮತ್ತೆ ಸ್ಪೀಕರಿಗೇ ಕಳುಹಿಸುತ್ತದೆ. ಇದಕ್ಕೆ ಪರಿಹಾರವಾಗಿಯೇ ಗಿಬ್ಸನ್‌ನವರು 1958ರ ಇಎಸ್-335 ಗಿಟಾರಿನಲ್ಲಿ ಒಡಲಿನ ನಡುವೆ ಗಟ್ಟಿ ಮರದ ದಿಮ್ಮಿಯನ್ನು ಕೂರಿಸಿದರು. ನೀವು ಆಂಪ್ಲಿಫಯರಿನ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಿ, ಮಂದ್ರವನ್ನು ತಗ್ಗಿಸಿ, ಎಫ್ ಕಂಡಿಗಳಿಗೆ ಮೆತ್ತನೆಯ ಫೋಮ್ ತುರುಕಿ ನೋಡಿ.

ಪ್ರಶ್ನೆ: ಇಂಥ ಟೊಳ್ಳು ಒಡಲಿನ ಜಾಝ್ ಗಿಟಾರಿಗೆ ಯಾವ ತಂತಿ ಹಾಕಬೇಕು?
– ಓದುಗರು, ಹರಿಹರ

ಉತ್ತರ: ಚಪ್ಪಟೆ ಸುತ್ತಿನ, ಅಂದರೆ ಫ್ಲಾಟ್‌ವೂಂಡ್ ತಂತಿಗಳು, ಮೊದಲ ತಂತಿ 0.012 ಇಂಚಿನದಿರಲಿ. ಬೆರಳು ಜಾರುವ ಸದ್ದು ಇವುಗಳಲ್ಲಿ ಬಹುತೇಕ ಇರುವುದಿಲ್ಲ. ಬದಲಾಯಿಸುವಾಗ ಒಂದೊಂದೇ ತಂತಿಯನ್ನು ತೆಗೆದು ಹೊಸದನ್ನು ಹಾಕುತ್ತಾ ಬನ್ನಿ. ಇದರ ಕುದುರೆ ನೆಲೆಗೊಂಡು ಕೂತಿರುವುದಿಲ್ಲ. ಅದನ್ನು ಹಿಡಿದಿರುವುದು ತಂತಿಗಳ ಒತ್ತಡವೊಂದೇ. ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಅದು ಸರಿದು ಶ್ರುತಿ ಕೆಡುತ್ತದೆ. ಹಾಗಾದರೆ, ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಬರಿದೇ ಮುಟ್ಟಿ ಮೀಟಿದ ಸ್ವರವೂ ಅದೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವೂ ಒಂದೇ ಆಗುವವರೆಗೆ ಕುದುರೆಯನ್ನು ಕೂದಲೆಳೆಯಷ್ಟೇ ಹಿಂದೆ ಮುಂದೆ ಸರಿಸುತ್ತಾ ಹೋಗಿ.