ಇಪ್ಪತ್ತು ವರ್ಷ ಏನೂ ಆಗಿಲ್ಲ ಎಂಬ ಧೈರ್ಯ ಬೇಡ

ಹಳೆಯ ಸಣ್ಣ ಕಾರುಗಳ ರೀಕಾಲ್ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ದೋಷವಿರುವ ಭಾಗ ಸರಿಪಡಿಸಲು ಕಂಪನಿಯೇ ಕಾರನ್ನು ಹಿಂದಕ್ಕೆ ಕರೆಸುವುದೇ ರೀಕಾಲ್; ಅದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ.

ಪ್ರಶ್ನೆ: ನನ್ನದು 2002ರ ಹೋಂಡಾ ಸಿವಿಕ್. ಏರ್‌ಬ್ಯಾಗ್ ಬದಲಿಸಿಕೊಳ್ಳಿ ಎಂದು ಕಂಪನಿ ಪತ್ರ ಬರೆದಿದೆ. ಇಷ್ಟು ವರ್ಷ ಏನೂ ಆಗಿಲ್ಲ, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ದೋಷವಿದ್ದರೆ ಹತ್ತುವ ಎಸ್‌ಆರ್‌ಎಸ್ ದೀಪವೂ ಹತ್ತಿಲ್ಲ. ಫ್ಯೂಸ್ ಕಿತ್ತುಹಾಕಿದರೆ ಸಾಕು, ಸುಮ್ಮನೆ ಅಲೆಯಬೇಡಿ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಏನು ಮಾಡಲಿ?

ಮೊದಲು ಆ ಕಾರು ಓಡಿಸುವುದನ್ನು ನಿಲ್ಲಿಸಿ. ಶೋರೂಮಿಗೂ ನೀವೇ ಓಡಿಸಿಕೊಂಡು ಹೋಗಬೇಡಿ. ಫೋನ್ ಮಾಡಿ, ಟೋ ಮಾಡಿಸಿಕೊಂಡು ಹೋಗುವಂತೆ ಕೇಳಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಏರ್‌ಬ್ಯಾಗ್ ಉಬ್ಬಿಸುವ ಗಾಳಿ ಮೊದಲೇ ತುಂಬಿಟ್ಟಿದ್ದಲ್ಲ. ಸ್ಟೇರಿಂಗ್ ಒಳಗಿನ ಇನ್‌ಫ್ಲೇಟರ್ ಎಂಬ ಉಕ್ಕಿನ ಡಬ್ಬಿಯಲ್ಲಿ ರಾಸಾಯನಿಕದ ಬಿಲ್ಲೆಗಳಿರುತ್ತವೆ. ಡಿಕ್ಕಿಯಾದ ಕ್ಷಣದಲ್ಲಿ ಅವು ಉರಿದು ಅನಿಲ ಹೊಮ್ಮುತ್ತದೆ. ಇಂಥ ಹೋಂಡಾ ಕಾರುಗಳಿಗೆ ಏರ್‌ಬ್ಯಾಗ್ ಮಾಡಿಕೊಟ್ಟ ಜಪಾನಿನ ತಕಾಟ ಕಂಪನಿ ಈ ಬಿಲ್ಲೆಗೆ ಬಳಸಿದ್ದು ಅಮೋನಿಯಂ ನೈಟ್ರೇಟ್. ಆರಂಭದ ಮಾದರಿಗಳಲ್ಲಿ ತೇವ ಹೀರುವ ಒಣಪುಡಿಯನ್ನೂ ಹಾಕಿರಲಿಲ್ಲ. ಹಗಲು ಕಾದು ರಾತ್ರಿ ತಣಿಯುವ ಕಾರಿನೊಳಗೆ, ವರ್ಷಗಟ್ಟಲೆ ತೇವ ಕುಡಿದ ಬಿಲ್ಲೆಯಲ್ಲಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಬೆಂಕಿ ತಗಲುವ ಮೇಲ್ಮೈ ಹೆಚ್ಚುತ್ತದೆ. ಆಗ ಅದು ಉರಿಯಬೇಕಾದ ವೇಗಕ್ಕಿಂತ ಬಹಳ ಬೇಗ ಉರಿದು, ಒತ್ತಡ ತಡೆಯಲಾರದೆ ಡಬ್ಬಿಯೇ ಸಿಡಿಯುತ್ತದೆ. ಉಕ್ಕಿನ ಚೂರುಗಳು ಬಟ್ಟೆಯ ಚೀಲ ಹರಿದುಕೊಂಡು ನೇರ ಚಾಲಕರ ಮುಖಕ್ಕೆ, ಕುತ್ತಿಗೆಗೆ ಬರುತ್ತವೆ.

2014ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹೀಗೇ ಸತ್ತ ಮಹಿಳೆಯೊಬ್ಬರ ಕುತ್ತಿಗೆಯ ಗಾಯ ನೋಡಿ, ಯಾರೋ ಇರಿದಿದ್ದಾರೆ ಎಂದೇ ಪೊಲೀಸರು ಮೊದಲು ಶಂಕಿಸಿದ್ದರು. ಅದೇ ವರ್ಷ ಮಲೇಷ್ಯಾದಲ್ಲಿ ಹೋಂಡಾ ಸಿಟಿ ಓಡಿಸುತ್ತಿದ್ದ ಗರ್ಭಿಣಿಯೊಬ್ಬರು ಲೋಹದ ಚೂರು ತಗಲಿ ತೀರಿಕೊಂಡರು. ಇವರನ್ನು ಕೊಂದದ್ದು ಅಪಘಾತವಲ್ಲ, ಅಪಘಾತದಿಂದ ಕಾಪಾಡಬೇಕಿದ್ದ ಸಾಧನ.

ಈಗ ನಿಮ್ಮ 'ಇಷ್ಟು ವರ್ಷ ಏನೂ ಆಗಿಲ್ಲ' ಎಂಬ ಮಾತಿಗೆ ಬರೋಣ. ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಮಾತು ಇದೇ. ಕ್ಲಚ್ಚೋ ಗೇರ್‌ಬಾಕ್ಸೋ ಇಪ್ಪತ್ತು ವರ್ಷ ಬಾಳಿದರೆ ಗಟ್ಟಿ ಎನ್ನಬಹುದು. ಏರ್‌ಬ್ಯಾಗ್ ಅಷ್ಟೂ ವರ್ಷ ಕೆಲಸವನ್ನೇ ಮಾಡಿರುವುದಿಲ್ಲ, ಸುಮ್ಮನೆ ಕೂತು ಕೆಡುತ್ತಾ ಬಂದಿರುತ್ತದೆ. ಹತ್ತನೆಯ ವರ್ಷ ಸರಿಯಾಗಿ ಬಿಚ್ಚಿಕೊಳ್ಳುತ್ತಿದ್ದ ಚೀಲ ಇಪ್ಪತ್ತನೆಯ ವರ್ಷ ಸಿಡಿಯಬಹುದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2016ರಲ್ಲಿ 2001–2003ರ ಕೆಲವು ಹೋಂಡಾ ಮತ್ತು ಹೋಂಡಾದ್ದೇ ಬ್ರ್ಯಾಂಡ್ ಆದ ಅಕ್ಯುರಾ ಕಾರುಗಳ ಇನ್‌ಫ್ಲೇಟರ್‌ಗಳ ಪರೀಕ್ಷಾ ಫಲಿತಾಂಶ ಪ್ರಕಟಿಸಿತು. ಚೀಲ ಬಿಚ್ಚಿಕೊಂಡಾಗ ಡಬ್ಬಿ ಸಿಡಿಯುವ ಸಾಧ್ಯತೆ ಶೇ 50ರವರೆಗೂ ಇತ್ತು. ಆ ಪಟ್ಟಿಯಲ್ಲಿ ಸಿವಿಕ್ ಇದೆ. 2023ರಲ್ಲಿ ಹೋಂಡಾ ಕಂಪನಿಯೇ ಅಂಥ ಕಾರುಗಳನ್ನು ಓಡಿಸಲೇಬೇಡಿ ಎಂದು ಎಚ್ಚರಿಕೆ ಕೊಟ್ಟಿತು.

ದೀಪದ ವಿಷಯ. ಎಸ್‌ಆರ್‌ಎಸ್ ದೀಪ ನೋಡುವುದು ವೈರಿಂಗ್, ಸೆನ್ಸರ್, ಕನೆಕ್ಟರ್ ಸರಿ ಇವೆಯೇ ಎಂದು ಮಾತ್ರ. ಡಬ್ಬಿಯೊಳಗಿನ ಬಿಲ್ಲೆ ಪುಡಿಯಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ದೀಪ ಹತ್ತಿಲ್ಲವೆಂದು ನೆಮ್ಮದಿ ಪಡಲು ಇಲ್ಲಿ ಕಾರಣವೇ ಇಲ್ಲ.

ಇನ್ನು ಫ್ಯೂಸ್. ಇದು ಪರಿಹಾರವಲ್ಲ, ಬೇಜವಾಬ್ದಾರಿ. ಬಹಳಷ್ಟು ಕಾರುಗಳಲ್ಲಿ ಸೀಟ್ ಬೆಲ್ಟನ್ನು ಡಿಕ್ಕಿಯ ಕ್ಷಣದಲ್ಲಿ ಬಿಗಿಮಾಡುವ ಪ್ರಿಟೆನ್ಷನರ್ ಕೂಡ ಅದೇ ವ್ಯವಸ್ಥೆಗೆ ಸೇರಿದ್ದು. ಒಂದನ್ನು ಕೊಲ್ಲಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತೀರಿ. ನಾಳೆ ಕಾರು ಮಾರಿದರೆ, ಕೊಂಡವರು ಫ್ಯೂಸ್ ಇಲ್ಲದ್ದು ನೋಡಿ ಹಾಕಿಕೊಳ್ಳುತ್ತಾರೆ. ಸಿಡಿಯುವ ಡಬ್ಬಿ ಮತ್ತೆ ಜೀವಂತ. ಹೊಸ ಇನ್‌ಫ್ಲೇಟರ್ ಉಚಿತವಾಗಿ ಹಾಕಿಕೊಡುತ್ತೇವೆ ಎಂದು ಕಂಪನಿ ಕರೆಯುತ್ತಿರುವಾಗ ಫ್ಯೂಸ್ ಕೀಳುವ ಸಲಹೆ ಕೊಟ್ಟವರನ್ನು ನಿಮ್ಮ ಜಾಗದಲ್ಲಿ ನಾನಿದ್ದರೆ ಬ್ರೇಕ್ ಮುಟ್ಟಲೂ ಬಿಡುತ್ತಿರಲಿಲ್ಲ.

ಪ್ರಶ್ನೆ: ರೀಕಾಲ್‌ನಲ್ಲಿ ಏರ್‌ಬ್ಯಾಗ್ ಒಮ್ಮೆ ಬದಲಿಸಿ ಆಗಿದೆ. ಮತ್ತೆ ಪತ್ರ ಬಂದಿದೆ. ತಪ್ಪಿ ಬಂದಿರಬೇಕಲ್ಲವೇ?

ತಪ್ಪಿ ಬಂದಿದ್ದಲ್ಲ. ರೀಕಾಲ್‌ನ ಮೊದಲ ವರ್ಷಗಳಲ್ಲಿ ಬೇರೆ ವಿನ್ಯಾಸದ ಬಿಡಿಭಾಗ ಸಾಕಷ್ಟು ಸಿಗದೆ, ಕೆಲವು ಕಾರುಗಳಿಗೆ ಅದೇ ಬಗೆಯ ಹೊಸ ತಕಾಟ ಇನ್‌ಫ್ಲೇಟರನ್ನೇ ತಾತ್ಕಾಲಿಕವಾಗಿ ಹಾಕಿದ್ದರು. ಹೊಸದರಲ್ಲಿ ಅದು ಸುರಕ್ಷಿತ, ಕಾಲ ಕಳೆದಂತೆ ಅದೂ ಕೆಡುತ್ತದೆ. ಮತ್ತೆ ಹೋಗಿ ಬದಲಿಸಿಕೊಳ್ಳಿ. ಮಾಡಿದ ಕೆಲಸ ಬರೆದುಕೊಡುವ ಸರ್ವೀಸ್ ಸೆಂಟರಿನ ಜಾಬ್ ಕಾರ್ಡ್‌ನಲ್ಲಿ ಈ ಸಲದ ರೀಕಾಲ್ ಸಂಖ್ಯೆ ಬರೆಸಿಕೊಂಡು ಬನ್ನಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು. ಯಾವ ಪತ್ರವೂ ಬಂದಿಲ್ಲ. ಅಂದರೆ ರೀಕಾಲ್ ಇಲ್ಲ ತಾನೇ?

ಪತ್ರ ಹೋಗುವುದು ಕಂಪನಿಯ ದಾಖಲೆಯಲ್ಲಿರುವ ವಿಳಾಸಕ್ಕೆ. ನೀವು ಮೂರನೆಯ ಮಾಲೀಕರಾಗಿದ್ದರೆ ಅದು ಮೊದಲನೆಯವರ ಮನೆಯಲ್ಲಿ ಬಿದ್ದಿರಬಹುದು. ವಿಐಎನ್, ಅಂದರೆ ಚಾಸಿ ನಂಬರ್, 17 ಅಕ್ಷರ–ಅಂಕಿಗಳದ್ದು. ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಹೊಡೆಯುವಾಗ ಒಂದು ಎಚ್ಚರ: ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಓ ಥರ ಕಂಡರೆ ಅದು ಸೊನ್ನೆ, ಐ ಥರ ಕಂಡರೆ ಒಂದು. 'ದಾಖಲೆ ಇಲ್ಲ' ಎಂದು ಬಂದರೆ ಮೊದಲು ಇದನ್ನು ಸರಿಮಾಡಿ ಮತ್ತೆ ಹುಡುಕಿ.

ಆದರೆ ಜಾಲತಾಣದ 'ಬಾಕಿ ಇಲ್ಲ' ಎಂಬ ಉತ್ತರ ಹೇಳದೇ ಬಿಡುವ ಒಂದು ವಿಷಯವಿದೆ. ಕಾರು ಹಿಂದೆ ಗುದ್ದಿಸಿಕೊಂಡು ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ, ಗುಜರಿಯಿಂದ ತಂದ ಹಳೆಯ ಏರ್‌ಬ್ಯಾಗ್ ಅಥವಾ ನಕಲಿ ಮಾಲು ಅಲ್ಲಿ ಕೂತಿರಬಹುದು. ಚಾಸಿ ನಂಬರಿಗೆ ಅದು ತಿಳಿಯುವುದಿಲ್ಲ. ಕಳಪೆ ಇನ್‌ಫ್ಲೇಟರ್‌ಗಳಿಂದ ಸಾವುಗಳಾಗಿವೆ ಎಂದು ಎನ್‌ಎಚ್‌ಟಿಎಸ್‌ಎ 2024ರಲ್ಲಿ ಎಚ್ಚರಿಸಿದೆ. ಅಪಘಾತದ ಇತಿಹಾಸವಿರುವ ಹಳೆಯ ಕಾರು ಕೊಳ್ಳುತ್ತಿದ್ದರೆ, ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಸ್ಟೇರಿಂಗ್ ಕವರ್ ಬಿಚ್ಚಿಸಿ ನೋಡಿಸದೆ ಹಣ ಕೊಡಬೇಡಿ. ಏರ್‌ಬ್ಯಾಗ್ ಜಾಗಕ್ಕೆ ರೆಸಿಸ್ಟರ್ ಎಂಬ ಸಣ್ಣ ವಿದ್ಯುತ್ ಬಿಡಿಭಾಗ ಸಿಕ್ಕಿಸಿ, ಏರ್‌ಬ್ಯಾಗ್ ಇದೆ ಎಂದು ನಂಬಿಸಿ ದೀಪ ಆರಿಸಿಕೊಡುವವರಿದ್ದಾರೆ. ಅವರನ್ನು ಮೆಕ್ಯಾನಿಕ್ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಪ್ರಶ್ನೆ: ಶೆವರ್ಲೆ ಕೋಬಾಲ್ಟ್. ಕೀ ಗೊಂಚಲು ಭಾರವಿದ್ದರೆ ಎಂಜಿನ್ ಆಫ್ ಆಗುತ್ತದೆ ಎನ್ನುವುದು ಗಾಳಿಸುದ್ದಿಯೇ?

ಗಾಳಿಸುದ್ದಿಯಲ್ಲ. ಜನರಲ್ ಮೋಟಾರ್ಸ್ 2014ರಲ್ಲಿ ಕೋಬಾಲ್ಟ್ ಸೇರಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಇದಕ್ಕೇ ಹಿಂದಕ್ಕೆ ಕರೆಸಿತು. ಇಗ್ನಿಷನ್ ಸ್ವಿಚ್ಚಿನ ಬಿಗಿ ಸಾಲದೆ, ಗೊಂಚಲಿನ ಭಾರಕ್ಕೋ ಮೊಣಕಾಲು ತಾಗಿದ್ದಕ್ಕೋ ಕೀ ಎಂಜಿನ್ ಓಡುವ 'ರನ್'ನಿಂದ ಎಂಜಿನ್ ಆಫ್ ಇರುವ 'ಆ್ಯಕ್ಸೆಸರಿ'ಗೆ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ, ಗುದ್ದಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಸ್ವಿಚ್ ಬದಲಾಗುವವರೆಗೆ ಆ ಒಂದು ಕೀ ಬಿಟ್ಟು ರಿಂಗ್, ಗೊಂಬೆ, ರಿಮೋಟ್ ಎಲ್ಲವನ್ನೂ ತೆಗೆದಿಡಿ.

ಪ್ರಶ್ನೆ: ವಿಡಿಯೋ ನೋಡಿ ಏರ್‌ಬ್ಯಾಗ್ ನಾನೇ ಬಿಚ್ಚಬಹುದೇ?

ಬೇಡ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ನಿಯಂತ್ರಿಸುವ ಕಂಟ್ರೋಲ್ ಯೂನಿಟ್‌ನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಚೀಲ ನಿಮ್ಮ ಕೈಯಲ್ಲೇ ಬಿಚ್ಚಿಕೊಳ್ಳಬಹುದು.

ಪ್ರಶ್ನೆ: ರೀಕಾಲ್ ಎಲ್ಲ ಹೊಸ ಕಾರು ಮಾರುವ ಉಪಾಯವಂತೆ?

ಈ ಏರ್‌ಬ್ಯಾಗ್ ಪ್ರಕರಣದಲ್ಲಿ ತಕಾಟ ಕಂಪನಿ 2017ರಲ್ಲಿ ದಿವಾಳಿಯೇ ಎದ್ದಿತು. ಇಂಥ ಉಪಾಯ ಯಾವ ವ್ಯಾಪಾರಿಯೂ ಮಾಡುವುದಿಲ್ಲ.

ಪ್ರಶ್ನೆ: ಹದಿನೈದು ವರ್ಷ ದಾಟಿದ ಕಾರಿಗೆ ಉಚಿತ ರಿಪೇರಿ ಇಲ್ಲ ಎಂದು ಕೌಂಟರಿನಲ್ಲಿ ವಾಪಸ್ ಕಳಿಸಿದರು.

ಇದು ಅಮೆರಿಕದ ಕಾನೂನನ್ನು ಅರ್ಧ ಓದಿದವರ ಮಾತು. ಅಲ್ಲಿ 15 ವರ್ಷದ ಲೆಕ್ಕ ನೋಡುವುದು ರೀಕಾಲ್ ನೋಟಿಸ್ ಹೊರಟ ದಿನಕ್ಕೆ, ನೀವು ಬಾಗಿಲಿಗೆ ಹೋದ ದಿನಕ್ಕಲ್ಲ. ಬೇರೆ ದೇಶಗಳ ನಿಯಮ ಬೇರೆ ಇದೆ, ಭಾರತದಲ್ಲಿ 2021ರಿಂದ ಜಾರಿಯಲ್ಲಿರುವ ಕಡ್ಡಾಯ ರೀಕಾಲ್ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ. ಆದರೆ ಕಂಪನಿ ತಾನಾಗಿ ಘೋಷಿಸಿದ ರೀಕಾಲ್‌ನಲ್ಲಿ ನಿಮ್ಮ ಚಾಸಿ ನಂಬರ್ 'ಬಾಕಿ' ಎಂದು ತೋರಿಸುತ್ತಿದ್ದರೆ ಕೌಂಟರಿನವರ ಮಾತಿಗೆ ತಲೆಬಾಗಬೇಡಿ. ಆ ಪುಟದ ಪ್ರಿಂಟ್ ತೆಗೆದುಕೊಂಡು ಹೋಗಿ ಸರ್ವೀಸ್ ಮ್ಯಾನೇಜರನ್ನು ಕಾಣಿ. ಆಗುವುದಿಲ್ಲ ಎಂದರೆ ಕಾರಣ ಬರೆದು ಸಹಿ ಹಾಕಿಕೊಡಿ ಎಂದು ಕೇಳಿ, ಆ ಕಾಗದದೊಂದಿಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ದೂರು ಕೊಡಿ. ಪಕ್ಕದ ಸೀಟಿನ ಏರ್‌ಬ್ಯಾಗೂ ಪಟ್ಟಿಯಲ್ಲಿದ್ದರೆ, ಕೆಲಸ ಮುಗಿಯುವವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.